ಹೊಗಳಿಕೆಯ ಪುಟ ಮಾತ್ರ ಸಾಕೇ?

ಓದುಗರೇ, ಹೊಸ ಇತಿಹಾಸ ಗ್ರಂಥ ಕೈಗೆ ಬಂದಾಗ ನಾವು ಮೊದಲು ಹುಡುಕುವುದೇನು? ನಮ್ಮವರ ಹೊಗಳಿಕೆಯನ್ನಲ್ಲವೇ?

ಬಿಜಾಪುರದ ಸೂಫಿಗಳ ಕುರಿತು ರಿಚರ್ಡ್ ಈಟನ್ 1978ರಲ್ಲಿ ಸಂಶೋಧನಾ ಗ್ರಂಥವೊಂದನ್ನು ಪ್ರಕಟಿಸಿದರು. ಸ್ತ್ರೀಯರು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ದಖನಿ ಪದಗಳು ಸೂಫಿ ಬೋಧನೆಯನ್ನು ಮನೆಗಳಿಗೆ ತಲುಪಿಸಿದವೆಂದು ಅದರಲ್ಲಿದೆ. ಓದಿ ಹಿಗ್ಗುತ್ತೇವೆ. ಕೆಲವು ಸೂಫಿಗಳು ಖಡ್ಗ ಹಿಡಿದರು, ಕೆಲವರು ಅರಸರಿಂದ ಇನಾಮು ಪಡೆದು ಜಮೀನುದಾರರಾದರು ಎಂದೂ ಅದರಲ್ಲೇ ಇದೆ. ಆಗ ಮುಖ ಬಾಡುತ್ತದೆ. 'ಲೇಖಕ ನಮ್ಮವನಲ್ಲ' ಎನ್ನುತ್ತೇವೆ.

ಹೊಗಳಿದರೆ ವಿದ್ವಾಂಸ, ತಪ್ಪು ತೋರಿದರೆ ವೈರಿ. ಇದು ನ್ಯಾಯವೇ? ಸ್ವಜನರಿಗೆ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಬೇಕೆಂಬುದು ಕುರ್‌ಆನಿನ ಆದೇಶ. ಲೇಖಕರು ತಪ್ಪಿದ್ದರೆ ಪುರಾವೆಯಿಂದ ಉತ್ತರಿಸೋಣ. ಮಗಳು ಕಾಲೇಜಿನಿಂದ ಇಂತಹ ಪುಸ್ತಕ ತಂದರೆ ಕಸಿದುಕೊಳ್ಳಬೇಡಿರಿ. ಜೊತೆಗೆ ಕುಳಿತು ಓದಿರಿ.