ಹರಾಜಿನ ದುಡ್ಡಿನಲ್ಲಿ ಮಗಳ ಪಾಲು

ಚುಂಚನಕಟ್ಟೆಯ ಕೋದಂಡರಾಮ, ಹೊರಗೆ ಕಾವೇರಿ ಎಷ್ಟು ಭೋರ್ಗರೆದರೂ ನಿನ್ನ ಗರ್ಭಗುಡಿಯೊಳಗೆ ಆ ಸದ್ದು ಕೇಳಿಸುವುದಿಲ್ಲ ಎನ್ನುತ್ತಾರೆ. ನನ್ನ ದನಿ ಆ ನೀರಿನಷ್ಟು ದೊಡ್ಡದಲ್ಲ. ಅದಕ್ಕೇ ಹತ್ತಿರ ಬಂದು ನಿಂತಿದ್ದೇನೆ, ಕೇಳು ತಂದೆ.

ನಾನು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ರೈತ. ಮಗಳು ಅವಳ ಅಮ್ಮನ ಜೊತೆ ಎಚ್.ಡಿ.ಕೋಟೆಯಲ್ಲಿದ್ದಾಳೆ. ತಿಂಗಳಿಗೆ ಇಷ್ಟು ಜೀವನಾಂಶ ಕೊಡಬೇಕೆಂದು ನ್ಯಾಯಾಲಯ ಹೇಳಿದೆ. ಹೇಳಿದ್ದು ಸರಿಯಾಗಿಯೇ ಇದೆ; ಅದರ ಮೇಲೆ ದೂರು ಒಯ್ಯಲು ನಾನು ಬಂದಿಲ್ಲ. ನಿನ್ನ ಮಕ್ಕಳೂ ವಾಲ್ಮೀಕಿಯ ಆಶ್ರಮದಲ್ಲಿ ತಾಯಿಯ ಮಡಿಲಲ್ಲೇ ಬೆಳೆದವರು. ಅಪ್ಪ ಇದ್ದೂ ಇಲ್ಲದ ಬಾಲ್ಯ ಎಂಥದೆಂದು ನಿನಗೆ ನಾನು ವಿವರಿಸಬೇಕೆ?

ಆದರೆ ನಮ್ಮ ಬದುಕಿನ ಲೆಕ್ಕ ನಿನಗೆ ಗೊತ್ತಿರಲಿ. ಕೆ.ಆರ್.ನಗರದ ನಾಲೆ ಬಯಲಿನ ಗದ್ದೆ ನಮಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆಯ ಕೆಂಪು ಹೊಲಗಳಲ್ಲಿ ಮಳೆ ನಂಬಿದವರು ನಾವು. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರು ಹತ್ತಿರ ಬಂದಾಗ ನಾಟಿ, ಆಮೇಲೆ ಬ್ಯಾರನ್ ಮುಂದೆ ಸೌದೆ ಒಟ್ಟಿಕೊಂಡು ರಾತ್ರಿಯೆಲ್ಲ ಎದ್ದು ಸೊಪ್ಪು ಬೇಯಿಸುವುದು. ಹರಾಜು ಶುರುವಾಗುವ ಹೊತ್ತಿಗೆ ಸೆಪ್ಟೆಂಬರ್ ಬಂದಿರುತ್ತದೆ, ಎಷ್ಟೋ ವರ್ಷ ಅಕ್ಟೋಬರ್ ಆಗಿರುತ್ತದೆ. ವರ್ಷಕ್ಕೊಂದೇ ಬೆಳೆ, ದುಡ್ಡಿನ ಮುಖ ಕಾಣುವುದು ಆ ಕೆಲವು ತಿಂಗಳು ಮಾತ್ರ. ಮಗಳಿಗೋ ದಿನವೂ ಹಸಿವಾಗುತ್ತದೆ. ಶಾಲೆ ಜೂನ್ ಹೊತ್ತಿಗೇ ತೆರೆಯುತ್ತದೆ.

ಒಂದು ವರ್ಷ ಮಳೆ ಬಿಡದೆ ಹುಯ್ಯಿತು. ಹೊಲದಲ್ಲಿ ನೀರು ನಿಂತು ಗಿಡ ಸೊರಗಿತು, ಎಲೆಗೆ ತೂಕ ಬರಲಿಲ್ಲ, ಬಣ್ಣ ಬರಲಿಲ್ಲ. ಇದ್ದಬದ್ದ ಬೇಲುಗಳನ್ನೇ ಹರಾಜು ಕಟ್ಟೆಗೆ ಒಯ್ದೆ. ಕಂಪಲಾಪುರವಾಗಲಿ, ಚಿಲ್ಕುಂದವಾಗಲಿ, ಕಟ್ಟೆಮಳಲವಾಡಿಯಾಗಲಿ, ಎಲ್ಲ ಕಡೆಯೂ ನಡೆಯುವುದು ಒಂದೇ ರೀತಿ. ಸೊಪ್ಪಿನ ಹಣದಲ್ಲಿ ಮೊದಲು ಬ್ಯಾಂಕು ಬೆಳೆ ಸಾಲವನ್ನು ಮುರಿದುಕೊಳ್ಳುತ್ತದೆ. ಆಮೇಲೆ ಗೊಬ್ಬರದ ಬಾಕಿ, ಸೌದೆಯವರು, ಕೂಲಿಯವರು, ಕೈಸಾಲ ಕೊಟ್ಟವರು. ಇವರೆಲ್ಲ ಮನೆ ಬಾಗಿಲಿಗೆ ಬಂದು ಕೇಳಬಲ್ಲವರು. ಮಗಳು ಎಂದೂ ಬಂದು ಕೇಳಲಿಲ್ಲ. ಕೇಳದವಳ ಪಾಲಿಗೆ ಏನೂ ಉಳಿಯಲಿಲ್ಲ, ಸ್ವಾಮಿ.

ನಾನು ಬೇಡಲು ಬಂದಿರುವುದು ಇದನ್ನೇ. ಆ ಸಾಲಿನಲ್ಲಿ ಅವಳನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಇದೇ ಮಾತು ಹೇಳಿದೆಯಂತೆ: ಸಾಲ ಕೊಟ್ಟವರ ಹಕ್ಕಿಗಿಂತ ಹೆಂಡತಿ ಮಕ್ಕಳ ಜೀವನಾಂಶದ ಬಾಕಿ ಮೊದಲು ಎಂದು. ವಕೀಲರು ಓದಿ ಹೇಳಿದಾಗ ನನಗೆ ಭಯವೂ ಆಯಿತು, ಸಮಾಧಾನವೂ ಆಯಿತು. ದೂರದ ದಿಲ್ಲಿಯಲ್ಲಿ ಯಾರೋ ನನ್ನ ಮಗಳ ಪರವಾಗಿ ನಿಂತಿದ್ದಾರೆ ಅನ್ನಿಸಿತು.

ಬಾಕಿ ಬೆಳೆಯುವ ಪರಿಯನ್ನೂ ವಕೀಲರೇ ತಿಳಿಸಿದರು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ತಕ್ಕ ಕಾರಣವಿಲ್ಲದೆ ಕೊಡದಿದ್ದರೆ ವಾರಂಟ್ ಬರುತ್ತದೆ, ತಪ್ಪಿದ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲೂ ಆಗಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರುವುದಿಲ್ಲ, 1988ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ. ಒಳಗಿರುವ ಅಷ್ಟು ದಿನದ ಕೂಲಿ ಮಾತ್ರ ಹೋಗುತ್ತದೆ. ಆದಾಯ ನಿಜವಾಗಿ ಬಿದ್ದಿದ್ದರೆ 146ನೇ ಕಲಮಿನಡಿ ಮೊತ್ತ ಬದಲಿಸಿಕೊಡಿ ಎಂದು ನಾವೇ ಅರ್ಜಿ ಹಾಕಬೇಕು. ಹಾಕದೆ ಮನೆಯಲ್ಲಿ ಕುಳಿತರೆ ಹಳೆಯ ಮೊತ್ತವೇ ತಿಂಗಳು ತಿಂಗಳು ಏರುತ್ತಾ ಹೋಗುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ನಮ್ಮ ಕಡೆಯ ಎಷ್ಟು ಗಂಡಸರಿಗೆ ಇದು ಗೊತ್ತು? ವಾರಂಟ್ ಹೆಸರು ಕೇಳಿದೊಡನೆ ಸಿಮ್ ಬದಲಿಸಿ, ಶುಂಠಿ ಹೊಲದ ಕೆಲಸಕ್ಕೆಂದು ಊರು ಬಿಟ್ಟು ಹೋಗುತ್ತಾರೆ. ಅವರನ್ನೂ ಕೈಹಿಡಿದು ಕರೆತಾ, ರಾಮ. ಕೋರ್ಟಿನ ಮೆಟ್ಟಿಲಿಗೆ ಹೆದರಿ ಮಕ್ಕಳ ಮುಖವನ್ನೇ ಕಳೆದುಕೊಂಡವರು ಅವರು.

ಸುಪ್ರೀಂ ಕೋರ್ಟಿನ 2020ರ ತೀರ್ಪಿನ ಪ್ರಕಾರ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲವನ್ನೆಲ್ಲ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ನನ್ನದನ್ನು ಬರೆಯುವಾಗ ನನ್ನ ಪಕ್ಕದಲ್ಲಿರು. ಬ್ಯಾರನ್ ಲೈಸೆನ್ಸು, ಹೊಲದ ಪಹಣಿ, ಎರಡು ಹಸು, ಬೆಳಗಿನ ಜೀಪಿನಲ್ಲಿ ಕೊಡಗಿಗೆ ಹೋಗಿ ತರುವ ತೋಟದ ಕೂಲಿ, ಒಂದನ್ನೂ ಬಿಡದೆ ಬರೆಯುವ ಬುದ್ಧಿ ಕೊಡು. "ಕೂಲಿ ದುಡ್ಡು ಯಾರಿಗೆ ಗೊತ್ತಾಗುತ್ತೆ, ಬಿಡು" ಎನ್ನುವ ನೆಂಟರು ಇದ್ದಾರೆ. ಆ ಮಾತು ನನ್ನ ಕಿವಿಗೆ ಬೀಳದಿರಲಿ.

ಅವಳ ಅಮ್ಮನಿಗಾಗಿಯೂ ಬೇಡುತ್ತೇನೆ. ನನ್ನಿಂದ ಹೋಗಬೇಕಿದ್ದ ದುಡ್ಡು ಹೋಗದ ತಿಂಗಳುಗಳಲ್ಲಿ ಆ ಮನೆಯ ಒಲೆ ಆರಲಿಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಅವಳು ಶಾಲೆಗೆ ಕಟ್ಟಿದಳು, ವಾರದ ಕಂತಿಗೆ ಯಾರದೋ ಹೊಲದಲ್ಲಿ ಬೆನ್ನು ಬಗ್ಗಿಸಿದಳು. ನಮ್ಮಿಬ್ಬರ ನಡುವೆ ಏನು ಮುರಿದಿದೆಯೋ ಅದು ಬೇರೆ ಮಾತು. ಕಾಗದದ ಮೇಲೆ ನನ್ನ ಬಾಕಿ ಎಂದು ಕಾಣುವ ಅಂಕಿಯನ್ನು ಅವಳು ಆಗಲೇ ಮೈ ದಂಡಿಸಿ ತೀರಿಸಿದ್ದಾಳೆ. ನಾನು ಈಗ ಕಟ್ಟುವುದು ಅವಳಿಗೆ ವಾಪಸು ಕೊಡುವ ದುಡ್ಡು. ನ್ಯಾಯಾಧೀಶರ ಮುಂದೆ ನಿಂತಾಗ ಈ ತಿಳಿವಳಿಕೆ ನನ್ನ ನಾಲಿಗೆಯ ಮೇಲಿರಲಿ.

ಬರುವ ವಾಯಿದೆಗೆ ಹೋಗುತ್ತೇನೆ. ಬಾಕಿಯನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೇಳುತ್ತೇನೆ. ಹರಾಜು ನಡೆಯುವ ತಿಂಗಳುಗಳಲ್ಲಿ ದೊಡ್ಡ ಕಂತು, ಉಳಿದ ತಿಂಗಳುಗಳಲ್ಲಿ ಚಿಕ್ಕದು. ಒಪ್ಪುವುದು ಬಿಡುವುದು ನ್ಯಾಯಾಲಯಕ್ಕೆ ಸೇರಿದ್ದು. ಕಾಫಿ ಕೊಯ್ಲು ಮುಗಿಯುವವರೆಗೆ ನನ್ನ ಕೈಕಾಲು ಗಟ್ಟಿಯಾಗಿಡು. ಶನಿವಾರದ ಬಟವಾಡೆ ಕೈಗೆ ಬಂದ ಕೂಡಲೇ, ಬೇರೆ ಯಾರ ಕೈಗೂ ಹೋಗುವ ಮೊದಲು, ಮಗಳ ಪಾಲು ಎಚ್.ಡಿ.ಕೋಟೆಗೆ ಹೋಗುವಂತೆ ನಡೆಸಿಕೊಡು.