ಎರೆಹೊಲದ ಚಿಗರಿ ಮತ್ತು ದಯೆಯ ವೆಚ್ಚ

ಒಂದು ಪ್ರಾಣಿಯ ಸಂಖ್ಯೆ ‘ಹೆಚ್ಚಾಗಿದೆ’ ಎಂಬುದು ಎಣಿಕೆಯ ಮಾತಿನಂತೆ ತೋರಿದರೂ ಅದರೊಳಗೆ ಒಂದು ತೀರ್ಪು ಅಡಗಿರುತ್ತದೆ. ಯಾರಿಗೆ ಹೆಚ್ಚು, ಯಾವ ನೆಲದಲ್ಲಿ ಹೆಚ್ಚು ಎಂದು ಹೇಳದ ಹೊರತು ಆ ಮಾತು ಪೂರ್ಣವಾಗುವುದಿಲ್ಲ. ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು ಭಾಗದ ಎರೆಹೊಲಗಳಲ್ಲಿ ಈ ಮಾತು ಕೇಳಿಬರುವುದು ಕೃಷ್ಣಮೃಗದ ಕುರಿತು. ಜನ ಇದನ್ನು ಜಿಂಕೆ, ಚಿಗರಿ ಎಂದು ಕರೆದರೂ, ಇದು ಕೊಂಬು ಉದುರಿಸಿ ಮತ್ತೆ ಬೆಳೆಸಿಕೊಳ್ಳುವ ಜಿಂಕೆಗಳ ಕುಲಕ್ಕೆ ಸೇರದೆ, ಬಂದ ಕೊಂಬನ್ನು ಕೊನೆಯವರೆಗೂ ಹೊರುವ ಹುಲ್ಲೆಗಳ ಗುಂಪಿಗೆ ಸೇರಿದ ಬಯಲು ಪ್ರಾಣಿ. ಬಯಲೆಲ್ಲ ಹೊಲವಾಗಿರುವಲ್ಲಿ ಅದರ ಮೇವೂ ರೈತನ ಬೆಳೆಯೂ ಒಂದೇ ಆಗಿವೆ. ಎರಡೆಲೆ ಒಡೆದು ನಿಂತ ಹೆಸರಿನ ಸಾಲಿಗೆ ಹಿಂಡು ಒಮ್ಮೆ ಬಾಯಿ ಹಾಕಿದರೆ ಕುಡಿ ಹೋಗಿ ಮೋಟು ದಂಟಷ್ಟೇ ಉಳಿಯುತ್ತದೆ. ಮರುಬಿತ್ತನೆಗೆ ಬೀಜ ಸಾಲವಾಗಿ ಸಿಕ್ಕೀತು, ಆದರೆ ಹದ ಸಾಲವಾಗಿ ಸಿಗುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಮನುಷ್ಯನ ಜೀವಕ್ಕೆ ಅಪಾಯವಾದಾಗ, ಅಥವಾ ಅದು ಚೇತರಿಸಿಕೊಳ್ಳಲಾಗದ ಸ್ಥಿತಿಗೆ ತಲುಪಿದಾಗ ಮಾತ್ರ ಅನುಮತಿ ಪಡೆದು ಕೊಲ್ಲಬಹುದು; ಬೆಳೆಹಾನಿ ಅದಕ್ಕೆ ಸಾಕಾದ ಕಾರಣವಲ್ಲ. 2015ರಲ್ಲಿ ಬಿಹಾರದ ನೀಲಗಾಯಿಯನ್ನು ‘ಪೀಡಕ ಪ್ರಾಣಿ’ ಎಂದು, ಅಂದರೆ ನಿಗದಿತ ಅವಧಿಗೆ ರಕ್ಷಣೆ ಕಳೆದುಕೊಂಡ ಪ್ರಾಣಿಯೆಂದು ಘೋಷಿಸಿದಂತೆ ಕೃಷ್ಣಮೃಗವನ್ನು ಘೋಷಿಸಲು ಬರುವುದಿಲ್ಲ. ಇದೇ ಪ್ರಾಣಿಯ ಸಂತತಿಯನ್ನು ಅಮೆರಿಕದ ಟೆಕ್ಸಾಸ್‌ನಲ್ಲಿ ಹಣ ತೆತ್ತು ಬೇಟೆಯಾಡಬಹುದು ಎಂಬುದನ್ನು ನೋಡಿದರೆ, ಬೇಟೆ ಕೂಡದೆಂಬುದು ಪ್ರಾಣಿಯ ಗುಣದಿಂದ ಹುಟ್ಟಿದ ನಿಯಮವಲ್ಲ, ಒಂದು ಸಮಾಜ ತಾನಾಗಿ ಕೈಗೊಂಡ ನಿರ್ಧಾರ ಎಂಬುದು ಸ್ಪಷ್ಟವಾಗುತ್ತದೆ.

ಬೇಟೆಯ ಪರವಾದ ವಾದವನ್ನು ಕ್ರೌರ್ಯವೆಂದು ತಳ್ಳಿಹಾಕುವಂತಿಲ್ಲ. ತೋಳ, ಪೂಮಾಗಳನ್ನು ನಿರ್ಮೂಲ ಮಾಡಿದ ಅಮೆರಿಕದ ಹಲವು ಭಾಗಗಳಲ್ಲಿ ಜಿಂಕೆಗಳು ಎಳೆಯ ಸಸಿಗಳನ್ನೆಲ್ಲ ಮೇಯ್ದು ಕಾಡು ಮರುಹುಟ್ಟದಂತೆ ಮಾಡಿದಾಗ, ಇಲ್ಲವಾದ ತೋಳದ ಕೆಲಸವನ್ನು ಸಾರ್ವಜನಿಕ ಉದ್ಯಾನಗಳಲ್ಲೂ ಬಂದೂಕಿಗೆ ವಹಿಸಲಾಯಿತು. ಆದರೆ ಕೊಪ್ಪಳದಲ್ಲಿ ತೋಳ ಇಲ್ಲವಾಗಿಲ್ಲ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಅದಕ್ಕೆಂದೇ ವನ್ಯಧಾಮವಿದೆ. ಅಲ್ಲದೆ ಬೇಟೆಗಾರನ ಕಣ್ಣು ಸುರುಳಿ ಕೊಂಬಿನ ಕಪ್ಪು ಗಂಡಿನ ಮೇಲೆ ಬೀಳುತ್ತದೆ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವ ಈ ಕುಲದಲ್ಲಿ ಗಂಡುಗಳನ್ನು ಕೊಂದ ಮಾತ್ರಕ್ಕೆ ಮರಿಗಳ ಸಂಖ್ಯೆ ಅಷ್ಟಾಗಿ ಇಳಿಯದು. ಸಂಖ್ಯೆ ತಗ್ಗಬೇಕಾದರೆ ಹೆಣ್ಣುಗಳಿಗೇ ಗುಂಡು ಹಾರಿಸಬೇಕು. ನಿಯಂತ್ರಣದ ಹೆಸರಿನಲ್ಲಿ ಬೇಟೆ ಕೇಳುವವರು ಒಪ್ಪಬೇಕಾದದ್ದು ಇದನ್ನು.

ರೈತರು ಕೇಳುತ್ತ ಬಂದಿರುವ, ಹಿಂಡುಗಳನ್ನು ಬೇಲಿಯೊಳಗೆ ಇರಿಸುವ ಜಿಂಕೆವನವೂ ಕೊಲ್ಲುವ ಪ್ರಶ್ನೆಯಿಂದ ಪಾರಾಗುವುದಿಲ್ಲ. ಬೇಲಿಯೊಳಗಿನ ನೆಲಕ್ಕೊಂದು ಧಾರಣಶಕ್ತಿ, ಅಂದರೆ ಹುಲ್ಲು ಸೊರಗದಂತೆ ಸಾಕಬಲ್ಲ ಪ್ರಾಣಿಗಳ ಮಿತಿ, ಇರುತ್ತದೆ. ತೋಳ ಬಾರದ ಬೇಲಿಯೊಳಗೆ ಆ ಮಿತಿ ಮೀರಿದ ದಿನ ಅಮೆರಿಕದ ಉದ್ಯಾನಗಳ ಪ್ರಶ್ನೆಯೇ ಕೊಪ್ಪಳಕ್ಕೂ ಎದುರಾಗುತ್ತದೆ. 2025ರಲ್ಲಿ ಮಧ್ಯಪ್ರದೇಶದ ಶಾಜಾಪುರ ಭಾಗದಲ್ಲಿ ಹೆಲಿಕಾಪ್ಟರಿನ ನೆರವಿನಿಂದ ಎಂಟುನೂರಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದ್ದು ಕೊಲ್ಲದೆಯೂ ಹೊಲದ ಹೊರೆ ಇಳಿಸಬಹುದೆಂದು ತೋರಿಸಿತು. ಆದರೆ ಅದರ ವೆಚ್ಚವನ್ನು ಅಲ್ಲಿ ಹೊತ್ತದ್ದು ಸರ್ಕಾರ, ರೈತನಲ್ಲ.

ವಿವಾದದ ತಿರುಳಿರುವುದು ಈ ವೆಚ್ಚದಲ್ಲೇ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಶಾಸನ ಬರೆಸಿದ ಅಶೋಕ, ಬೇರೆಡೆ ಇರುವ ತನ್ನ ಮೊದಲ ಪ್ರಧಾನ ಶಿಲಾಶಾಸನದಲ್ಲಿ, ಅರಮನೆಯ ಅಡುಗೆಗೆ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದ ಕಡೆ ಈಗ ಎರಡು ನವಿಲು, ಒಂದು ಮೃಗ ಮಾತ್ರವೆಂದೂ, ಮೃಗವೂ ನಿತ್ಯವಲ್ಲವೆಂದೂ, ಮುಂದೆ ಅವನ್ನೂ ಕೊಲ್ಲಲಾಗುವುದಿಲ್ಲವೆಂದೂ ಹೇಳುತ್ತಾನೆ. ಅವನ ದಯೆ ಮೊದಲು ಕಡಿತ ಮಾಡಿದ್ದು ಅವನದೇ ಅಡುಗೆಮನೆಯನ್ನು. ಇಂದಿನ ಸಮಾಜ ಕೃಷ್ಣಮೃಗಕ್ಕೆ ತೋರುವ ದಯೆಯಾದರೋ ಯಲಬುರ್ಗಾದ ಒಣಬೇಸಾಯಗಾರನ ಹೊಲದಿಂದ ಕಡಿತವಾಗುತ್ತದೆ. ಕೊಲ್ಲಬಾರದೆಂಬ ನಿರ್ಧಾರ ಎಲ್ಲರದಾದ ಮೇಲೆ ನಷ್ಟವೂ ಎಲ್ಲರದಾಗಬೇಕು. ಉಳಿದ ಹುಲ್ಲುಗಾವಲು ಉಳಿಯಬೇಕು, ಹಿಂಡನ್ನು ಹತೋಟಿಯಲ್ಲಿಡುವ ತೋಳ ಉಳಿಯಲು ಅದರಿಂದ ಕುರಿ ಕಳೆದುಕೊಂಡವನಿಗೂ ಬೆಲೆ ಸಿಗಬೇಕು. ಇಷ್ಟಾದ ಮೇಲೂ ಹಿಂಡು ನೆಲಕ್ಕೆ ಭಾರವಾದರೆ ಬೇಟೆಯ ಪ್ರಶ್ನೆಯನ್ನು ಎತ್ತುವುದು ನ್ಯಾಯ. ಅದಕ್ಕೂ ಮೊದಲು ಬಂದೂಕು ಕೇಳುವುದು, ರೈತನಿಗೆ ಸಲ್ಲಬೇಕಾದ ಬಾಕಿಯನ್ನು ಚಿಗರಿಯಿಂದ ವಸೂಲು ಮಾಡಿದಂತೆ. ಆ ಬಾಕಿಯೂ ಮರುಬಿತ್ತನೆಯ ಹದ ಆರುವ ಮುನ್ನ ರೈತನ ಕೈಸೇರಬೇಕು.