ಹುಡುಗನ ಆಸೆ, ಹಿರಿಯರ ಹೊಣೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಡಿಯರ್‌ಬಾರ್ನ್ ಎಂಬ ಊರಿದೆ. ಫೋರ್ಡ್ ಕಾರು ಕಂಪೆನಿಯಿಂದ ಬೆಳೆದ ಊರು ಅದು. ಕಾರ್ಖಾನೆಯ ಕೆಲಸ ಅರಸಿ ಲೆಬನಾನ್‌ನಿಂದಲೂ ಯೆಮನ್‌ನಿಂದಲೂ ಬಂದ ಅರಬರು ಸುಮಾರು ನೂರು ವರ್ಷಗಳಿಂದ ಅಲ್ಲಿ ನೆಲೆಸಿದ್ದಾರೆ. 2020ರ ಜನಗಣತಿಯ ಪ್ರಕಾರ ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ಅರಬ್ ಮೂಲದವರು. ಅಲ್ಲಿನ ಫೋರ್ಡ್‌ಸನ್ ಹೈಸ್ಕೂಲಿನ ಫುಟ್ಬಾಲ್ ತಂಡದಲ್ಲಿ ಮುಸ್ಲಿಮ್ ಹುಡುಗರೇ ಹೆಚ್ಚು. 2010ರ ಸುಮಾರಿಗೆ ರಮಝಾನ್ ಆಗಸ್ಟ್ ತಿಂಗಳ ದೀರ್ಘ ಹಗಲಿನಲ್ಲಿ ಬಂದಾಗ ತಂಡದ ತರಬೇತುದಾರರು ಅಭ್ಯಾಸವನ್ನು ರಾತ್ರಿಗೆ ಬದಲಾಯಿಸಿದರು. ಇಫ್ತಾರ್ ಮುಗಿಸಿದ ಹುಡುಗರು ರಾತ್ರಿ ಹನ್ನೊಂದರ ಹೊತ್ತಿಗೆ ಮೈದಾನಕ್ಕಿಳಿದು, ಸಹ್ರಿಯ ಹೊತ್ತು ಹತ್ತಿರವಾಗುವವರೆಗೆ ದೀಪದ ಬೆಳಕಿನಲ್ಲಿ ಓಡಿದರು. ಈ ತಂಡದ ಕುರಿತು 2011ರಲ್ಲಿ ‘ಫೋರ್ಡ್‌ಸನ್’ ಎಂಬ ಹೆಸರಿನಲ್ಲಿ ಒಂದು ಸಾಕ್ಷ್ಯಚಿತ್ರವೂ ಬಂತು.

ಇಲ್ಲಿ ಫುಟ್ಬಾಲ್ ಎಂದರೆ ನಾವು ನೀವು ಬಲ್ಲ ಕಾಲ್ಚೆಂಡಾಟವಲ್ಲ. ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಕವಚ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳನ್ನು ಸೀಳಿಕೊಂಡು ಓಡುವ ಅಮೆರಿಕನ್ನರ ಸ್ವಂತ ಆಟ. ಶುಕ್ರವಾರ ರಾತ್ರಿಯೆಂದರೆ ಹೈಸ್ಕೂಲ್ ಪಂದ್ಯದ ರಾತ್ರಿ. ಸಣ್ಣ ಊರುಗಳಲ್ಲಂತೂ ಅಂದು ಇಡೀ ಊರೇ ಮೈದಾನದಲ್ಲಿರುತ್ತದೆ. ಡಿಯರ್‌ಬಾರ್ನ್‌ನಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಆನ್ ಆರ್ಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವಿದೆ. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ಕುಳಿತು ವಿದ್ಯಾರ್ಥಿಗಳ ಆಟವನ್ನು ನೋಡುತ್ತಾರೆ. ಹದಿನಾರು ವರ್ಷದ ಹುಡುಗನೊಬ್ಬ ಒಮ್ಮೆ ಆ ಜನಸಾಗರವನ್ನು ಕಂಡು ಬಂದರೆ ಸಾಕು, ‘ನಾನೂ ಒಂದು ದಿನ ಅಲ್ಲಿ ಆಡಬೇಕು’ ಎಂಬ ಆಸೆ ಮನಸ್ಸಿನಲ್ಲಿ ಬೇರೂರುತ್ತದೆ. ಕಾಲೇಜು ಶಿಕ್ಷಣ ಬಲು ದುಬಾರಿಯಾಗಿರುವ ಆ ದೇಶದಲ್ಲಿ ಈ ಆಸೆಯ ಜೊತೆಗೆ ಶುಲ್ಕವಿಲ್ಲದೆ ಪದವಿ ಪಡೆಯುವ ಕನಸೂ ಸೇರಿಕೊಂಡಿರುತ್ತದೆ.

ಎಲ್ಲೋ ದೂರದ ಹುಡುಗರ ಈ ಆಸೆಯ ಬಗ್ಗೆ ನಾವೇಕೆ ಯೋಚಿಸಬೇಕು? ಆಟದ ದೃಷ್ಟಿಯಿಂದ ನೋಡಿದರೆ ಬೇಕಿಲ್ಲ. ಆದರೆ ಇದರೊಳಗೆ ಎಲ್ಲ ಹೆತ್ತವರನ್ನೂ ಎಲ್ಲ ಅಧ್ಯಾಪಕರನ್ನೂ ಕಾಡುವ ಒಂದು ನೈತಿಕ ಪ್ರಶ್ನೆ ಅಡಗಿದೆ. ಬಹುತೇಕ ಕೈಗೂಡದ ಆಸೆಯೊಂದನ್ನು ಹೊತ್ತ ಮಗುವಿಗೆ ನಾವು ಏನು ಹೇಳಬೇಕು? ನಿಜ ಹೇಳಿ ಅವನ ಉತ್ಸಾಹವನ್ನು ತಣ್ಣಗಾಗಿಸಬೇಕೇ? ಅಥವಾ ಬೆನ್ನು ತಟ್ಟಿ, ಮುಂದಿನದನ್ನು ವಿಧಿಗೆ ಬಿಡಬೇಕೇ?

ಮೊದಲು ಲೆಕ್ಕವನ್ನು ನೋಡೋಣ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಹುಡುಗರು ಹೈಸ್ಕೂಲ್ ತಂಡಗಳಲ್ಲಿ ಫುಟ್ಬಾಲ್ ಆಡುತ್ತಾರೆ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆಯೇ ಪ್ರಕಟಿಸಿರುವ ಅಂದಾಜಿನಂತೆ ಅವರಲ್ಲಿ ನೂರಕ್ಕೆ ಸುಮಾರು 7 ಮಂದಿ ಅದರ ಅಧೀನದ ಯಾವುದಾದರೊಂದು ಕಾಲೇಜು ತಂಡಕ್ಕೆ ಸೇರುತ್ತಾರೆ. ಲಕ್ಷ ಜನ ನೋಡುವ ಮೇಲಿನ ಶ್ರೇಣಿಗೆ ಹೋಗುವವರು ನೂರಕ್ಕೆ 3 ಮಂದಿಯೂ ಇಲ್ಲ. ಮೂರನೆಯ ಶ್ರೇಣಿಯ ಕಾಲೇಜುಗಳು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದೇ ಇಲ್ಲ. ಇನ್ನು ಕಾಲೇಜಿನಲ್ಲಿ ಆಡಿದವರಲ್ಲಿ ಮುಂದೆ ವೃತ್ತಿಪರ ಆಟಗಾರರಾಗುವವರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ.

ಈ ಅಂಕಿಗಳನ್ನು ಕಂಡೊಡನೆ, ‘ಇದು ಹುಚ್ಚು ಆಸೆ, ಬಿಟ್ಟು ಓದಿಕೋ’ ಎಂದುಬಿಡುವುದು ಸುಲಭ. ಆದರೆ ಆಸೆಯ ಒಳಿತು ಕೆಡುಕುಗಳನ್ನು ಅದು ಫಲಿಸುವ ಸಾಧ್ಯತೆಯೊಂದರಿಂದಲೇ ಅಳೆಯಬಹುದೇ? ಈ ವಿಷಯದಲ್ಲಿ ಒಂಬತ್ತು ಶತಮಾನಗಳ ಹಿಂದೆ ಬಾಳಿದ ಇಮಾಮ್ ಗಝ್ಝಾಲಿ(ರ) ನಮ್ಮ ನೆರವಿಗೆ ಬರುತ್ತಾರೆ. ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಭಯ ಮತ್ತು ನಿರೀಕ್ಷೆಗಳ ಕುರಿತು ಬರೆಯುವಾಗ ಅವರು ರೈತನ ಉದಾಹರಣೆಯೊಂದನ್ನು ಕೊಡುತ್ತಾರೆ. ಒಳ್ಳೆಯ ನೆಲದಲ್ಲಿ ಒಳ್ಳೆಯ ಬೀಜ ಬಿತ್ತಿ, ಹೊತ್ತಿಗೆ ಸರಿಯಾಗಿ ನೀರುಣಿಸಿ, ಕಳೆ ಕಿತ್ತು, ನಂತರ ಅಲ್ಲಾಹನ ಕೃಪೆಗಾಗಿ ಕಾಯುವವನದು ನಿಜವಾದ ನಿರೀಕ್ಷೆ. ನೀರೇ ಹತ್ತದ ಗಟ್ಟಿ ಚವುಳು ನೆಲದಲ್ಲಿ ಬೀಜ ಚೆಲ್ಲಿ, ಅದರತ್ತ ತಿರುಗಿಯೂ ನೋಡದೆ ಸುಗ್ಗಿಗಾಗಿ ಕಾಯುವವನದು ಮೂರ್ಖತನ ಮತ್ತು ಆತ್ಮವಂಚನೆ. ಒಳ್ಳೆಯ ನೆಲದಲ್ಲಿ ಬಿತ್ತಿದರೂ ನೀರಿನ ಆಸರೆಯಿಲ್ಲದೆ, ಮಳೆಯನ್ನು ಹೆಚ್ಚಾಗಿ ಕಾಣದ ಕಡೆಯಲ್ಲಿ ಮಳೆಗೆ ಕಾಯುವವನದು ಬರಿಯ ಹಂಬಲ. ಧಾರ್ಮಿಕ ಬದುಕಿನ ಕುರಿತು ಹೇಳಿದ ಮಾತು ಇದು. ಆದರೂ ಮನುಷ್ಯನ ಎಲ್ಲ ನಿರೀಕ್ಷೆಗಳಿಗೂ ಅನ್ವಯಿಸಿ ನೋಡಬಹುದಾದಷ್ಟು ವಿಶಾಲವಾಗಿದೆ.

ಹೈಸ್ಕೂಲ್ ಹುಡುಗನ ಆಸೆ ಈ ಮೂರರಲ್ಲಿ ಯಾವುದು? ನಮ್ಮ ಅಭಿಪ್ರಾಯದಲ್ಲಿ ಅದನ್ನು ಚವುಳು ನೆಲದ ಬಿತ್ತನೆ ಎನ್ನುವುದು ಅನ್ಯಾಯ. ಆತ ದುಡಿಯುತ್ತಾನೆ. ಹೊತ್ತಿಗೆ ಮುಂಚೆ ಏಳುತ್ತಾನೆ, ಸೋತ ಮರುದಿನವೂ ಅಭ್ಯಾಸಕ್ಕೆ ಹೋಗುತ್ತಾನೆ, ತನ್ನ ಜೊತೆಗಾರನಿಗಾಗಿ ತಾನು ಪೆಟ್ಟು ತಿನ್ನುತ್ತಾನೆ. ಇಡೀ ದಿನ ಉಪವಾಸವಿದ್ದು ನಡುರಾತ್ರಿ ಓಡಿದ ಆ ಫೋರ್ಡ್‌ಸನ್ ಹುಡುಗರು ತಮ್ಮ ಧರ್ಮವನ್ನೂ ಬಿಡಲಿಲ್ಲ, ತಂಡವನ್ನೂ ಬಿಡಲಿಲ್ಲ. ಅವರಲ್ಲಿ ಹೆಚ್ಚಿನವರನ್ನು ಯಾವ ಕಾಲೇಜು ತಂಡವೂ ಕರೆಯದಿರಬಹುದು. ಆದರೆ ಆ ರಾತ್ರಿಗಳಲ್ಲಿ ಅವರು ಕಲಿತ ಸಂಯಮ ವ್ಯರ್ಥವಾಯಿತು ಎಂದು ಯಾರು ಹೇಳಬಲ್ಲರು? ಶರಣರು ಕಾಯಕಕ್ಕೆ ಕೊಟ್ಟ ಬೆಲೆಯೂ, ಮನುಷ್ಯನಿಗೆ ಸಲ್ಲುವುದು ಅವನ ಪರಿಶ್ರಮವೇ ಎಂಬ ಕುರ್‌ಆನಿನ ಬೋಧನೆಯೂ ದುಡಿಮೆಯನ್ನು ಕೇವಲ ಫಲದಿಂದ ಅಳೆಯಬಾರದು ಎಂದೇ ನಮಗೆ ಕಲಿಸುತ್ತವೆ.

ಹಾಗಿದ್ದರೆ ತೊಂದರೆ ಎಲ್ಲಿದೆ? ಗಝ್ಝಾಲಿಯವರ ರೈತನಿಗೆ ತನ್ನ ನೆಲ ಯಾವುದು, ತನ್ನ ಸೀಮೆಯ ಮಳೆ ಎಷ್ಟು ಎಂಬುದು ಗೊತ್ತು. ಹದಿನಾರರ ಹುಡುಗನಿಗೆ ಅದು ಗೊತ್ತಿಲ್ಲ. ಅದನ್ನು ತಿಳಿದ ಹಿರಿಯರು ಹಲವು ಬಾರಿ ಅವನಿಗೆ ಹೇಳುವುದಿಲ್ಲ. ಏಕೆಂದರೆ ಅವನ ಆಸೆಯಲ್ಲಿ ಅವರಿಗೂ ಪಾಲಿದೆ. ಊರಿಗೆ ಶುಕ್ರವಾರದ ಗೆಲುವು ಬೇಕು, ಶಾಲೆಗೆ ಹೆಸರು ಬೇಕು, ಅಪ್ಪನಿಗೆ ತಾನು ಮುಟ್ಟಲಾಗದ್ದನ್ನು ಮಗ ಮುಟ್ಟಬೇಕು.

ಟೆಕ್ಸಾಸ್ ರಾಜ್ಯದ ಒಡೆಸ್ಸಾ ಎಂಬ ಊರಿನ ಕಥೆ ಇದಕ್ಕೊಂದು ಕಹಿ ನಿದರ್ಶನ. ಎಚ್.ಜಿ. ಬಿಸಿಂಜರ್ ಎಂಬ ಪತ್ರಕರ್ತ ಆ ಊರಿನ ಹೈಸ್ಕೂಲ್ ತಂಡದ 1988ರ ಋತುವನ್ನು ಹತ್ತಿರದಿಂದ ಕಂಡು ‘ಫ್ರೈಡೇ ನೈಟ್ ಲೈಟ್ಸ್’ ಎಂಬ ಪುಸ್ತಕ ಬರೆದರು. 1990ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಬೂಬಿ ಮೈಲ್ಸ್ ಎಂಬ ಕಪ್ಪು ಜನಾಂಗದ ಹುಡುಗ ಬರುತ್ತಾನೆ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಅವನ ಮೇಲೆ ಕಣ್ಣಿಟ್ಟಿದ್ದವು. ಋತು ಆರಂಭವಾಗುವ ಮುನ್ನವೇ ಅಭ್ಯಾಸ ಪಂದ್ಯವೊಂದರಲ್ಲಿ ಅವನ ಮೊಣಕಾಲಿಗೆ ಪೆಟ್ಟಾಯಿತು. ಅದರೊಂದಿಗೆ ಆ ದೊಡ್ಡ ಕನಸು ಮುಗಿಯಿತು. ಅಲ್ಲಿಯವರೆಗೆ ಅವನನ್ನು ಹೊತ್ತು ಮೆರೆಸಿದ ಊರು ಅವನತ್ತ ನೋಡುವುದನ್ನು ಬಿಟ್ಟಿತು. ಆತ ಓದಿನಲ್ಲಿ ಬಹಳ ಹಿಂದಿದ್ದ. ಅವನ ಓಟದ ವೇಗವನ್ನು ಬಾಯಿಪಾಠ ಮಾಡಿದ್ದವರಿಗೆ ಅವನ ಓದಿನ ಚಿಂತೆ ಇರಲಿಲ್ಲ. ಹುಡುಗ ಬಿದ್ದುದು ದುರದೃಷ್ಟ ಎನ್ನೋಣ. ಅವನು ಬಿದ್ದರೆ ಹಿಡಿದುಕೊಳ್ಳಲು ಏನೂ ಇಲ್ಲದಂತೆ ಬೆಳೆಸಿದ್ದನ್ನು ದುರದೃಷ್ಟ ಎನ್ನಲಾಗದು.

ಆ ಬಳಿಕ ಕಾಲೇಜು ಫುಟ್ಬಾಲಿನ ಹಣ ಹಲವು ಪಟ್ಟು ಬೆಳೆದಿದೆ. ಪ್ರಖ್ಯಾತ ತರಬೇತುದಾರರ ವಾರ್ಷಿಕ ಸಂಬಳ ಒಂದು ಕೋಟಿ ಡಾಲರನ್ನು ದಾಟಿದೆ. ಆಡುವ ವಿದ್ಯಾರ್ಥಿಗಳಿಗೆ ಮಾತ್ರ ಬಹುಕಾಲ ವಿದ್ಯಾರ್ಥಿವೇತನದ ಹೊರತು ಬೇರೆ ಹಣ ಪಡೆಯುವಂತಿರಲಿಲ್ಲ. 2021ರಲ್ಲಿ ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಬಳಸಿ ಸಂಪಾದಿಸಲು ಅವರಿಗೆ ಅನುಮತಿ ಸಿಕ್ಕಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದಂತೆ ಕಾಲೇಜುಗಳೇ ಆಟಗಾರರಿಗೆ ಹಣ ಕೊಡುವ ವ್ಯವಸ್ಥೆ ಬಂತು. ಮೊದಲ ವರ್ಷಕ್ಕೆ ಒಂದು ಕಾಲೇಜು ಕೊಡಬಹುದಾದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ದುಡಿದವನಿಗೆ ಕೂಲಿ ಸಿಗಬೇಕೆಂಬುದು ನ್ಯಾಯವೇ. ಆದರೆ ಇದರ ಇನ್ನೊಂದು ಮುಖವೂ ಇದೆ. ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗುವಂತಾದ ಮೇಲೆ ಅನೇಕ ತಂಡಗಳು ಹೈಸ್ಕೂಲಿನ ಎಳೆಯರನ್ನು ಬೆಳೆಸುವ ಬದಲು ಬೇರೆ ಕಾಲೇಜಿನಲ್ಲಿ ಪಳಗಿದವರನ್ನೇ ಕರೆದುಕೊಳ್ಳುತ್ತಿವೆ. ಹೀಗೆ ಒಳಗೆ ಹೋದವನ ಭಾಗ್ಯ ದೊಡ್ಡದಾಗಿದೆ, ಹೈಸ್ಕೂಲಿನಿಂದ ನೇರವಾಗಿ ಒಳಹೋಗುವ ಬಾಗಿಲು ಕಿರಿದಾಗಿದೆ. ಇಂತಹ ಕಡೆಯೇ ಹಂಬಲ ಹೆಚ್ಚು ಕೆರಳುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಶರೀರದ ವಿಷಯ. ನಮ್ಮ ದೇಹ ನಮ್ಮ ಸೊತ್ತಲ್ಲ, ಅದು ಅಲ್ಲಾಹನು ನಮ್ಮ ಬಳಿ ಇಟ್ಟಿರುವ ಅಮಾನತ್ತು ಎಂದು ನಾವು ನಂಬುತ್ತೇವೆ. ಈ ಆಟದಲ್ಲಿ ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟು ಮಿದುಳಿಗೆ ಏನು ಮಾಡುತ್ತದೆ ಎಂಬುದನ್ನು ವೈದ್ಯರು ಗಂಭೀರವಾಗಿ ಅಧ್ಯಯನ ಮಾಡುತ್ತಿದ್ದಾರೆ. ಬಾಸ್ಟನ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜಿನವರೆಗೆ ಆಡಿ ಮುಂದೆ ತೀರಿಕೊಂಡ 53 ಮಂದಿಯ ಮಿದುಳುಗಳ ಪೈಕಿ 48ರಲ್ಲಿ ಸಿಟಿಇ ಎಂಬ, ಮಿದುಳನ್ನು ಮೆಲ್ಲಮೆಲ್ಲನೆ ಕುಗ್ಗಿಸುವ ಕಾಯಿಲೆಯ ಗುರುತುಗಳಿದ್ದವು. ಹೈಸ್ಕೂಲಿನಲ್ಲಿ ಮಾತ್ರ ಆಡಿದ 14 ಮಂದಿಯಲ್ಲಿ ಮೂವರಲ್ಲಿ ಅವು ಕಂಡುಬಂದವು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇವು ಕುಟುಂಬದವರು ಸಂಶೋಧನೆಗೆಂದು ದಾನ ಮಾಡಿದ ಮಿದುಳುಗಳು. ಅವರಲ್ಲಿ ಅನೇಕರಿಗೆ ಕಾಯಿಲೆಯ ಸಂಶಯ ಮೊದಲೇ ಇದ್ದಿರಬಹುದು. ಆದ್ದರಿಂದ ಆಡಿದವರಿಗೆಲ್ಲ ಇದೇ ಗತಿ ಎಂದು ತೀರ್ಮಾನಿಸುವಂತಿಲ್ಲ. ಆದರೆ ಹೆತ್ತವರು ಇದನ್ನು ಕೇಳದವರಂತೆ ಕುಳಿತುಕೊಳ್ಳುವಂತೆಯೂ ಇಲ್ಲ.

ಇಲ್ಲಿ ಹುಸೈನ್ ಅಬ್ದುಲ್ಲಾ ಎಂಬ ಆಟಗಾರ ನೆನಪಾಗುತ್ತಾರೆ. ಕಾಲೇಜು ಮುಗಿಸಿದಾಗ ವೃತ್ತಿಪರ ತಂಡಗಳ ಆಯ್ಕೆಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಆದರೂ 2008ರಲ್ಲಿ ಒಂದು ತಂಡ ಸೇರಿ ತಮ್ಮ ಜಾಗ ಗಳಿಸಿಕೊಂಡರು. 2012ರಲ್ಲಿ, ದುಡಿಮೆಯ ಉತ್ತುಂಗದ ವಯಸ್ಸಿನಲ್ಲೇ, ತಮ್ಮ ಅಣ್ಣ ಹಂಝಾರೊಡನೆ ಹಜ್ ಯಾತ್ರೆಗೆಂದು ಇಡೀ ಋತುವಿನ ಆಟವನ್ನೇ ಬಿಟ್ಟರು. ಮರುವರ್ಷ ಹಿಂತಿರುಗಿ ಬೇರೊಂದು ತಂಡದಲ್ಲಿ ಆಡಿದರು. 2014ರ ಸೆಪ್ಟೆಂಬರ್‌ನಲ್ಲಿ ಎದುರಾಳಿಯ ಚೆಂಡನ್ನು ಹಿಡಿದು ಅಂಕ ಗಳಿಸಿ ಮೈದಾನದಲ್ಲಿ ಸಜ್ದಾ ಮಾಡಿದಾಗ ಅಂಪೈರರು ದಂಡ ವಿಧಿಸಿದರು. ದಂಡ ವಿಧಿಸಬಾರದಿತ್ತು ಎಂದು ಮರುದಿನ ಲೀಗ್ ಒಪ್ಪಿಕೊಂಡಿತು. 2016ರಲ್ಲಿ, ತಲೆಗೆ ಬಿದ್ದ ಪೆಟ್ಟುಗಳನ್ನೂ ಮುಂದಿನ ಬದುಕನ್ನೂ ಯೋಚಿಸಿ, ಅವರು ಆಟದಿಂದ ನಿವೃತ್ತರಾದರು. ಹೀಗೆ ಒಮ್ಮೆ ಆರಾಧನೆಗಾಗಿ, ಇನ್ನೊಮ್ಮೆ ಆರೋಗ್ಯಕ್ಕಾಗಿ ಅವರು ಆಟವನ್ನು ಬಿಡಬಲ್ಲವರಾದರು. ಆಟವನ್ನು ಅಷ್ಟು ಪ್ರೀತಿಸಿಯೂ ಅದನ್ನು ತನ್ನ ಬದುಕಿನ ಒಡೆಯನಾಗಲು ಬಿಡದ ಈ ಗುಣವನ್ನೇ ನಾವು ನಮ್ಮ ಮಕ್ಕಳಿಗೆ ಕಲಿಸಬೇಕಾದುದು.

‘ಇಷ್ಟೆಲ್ಲ ಲೆಕ್ಕ ಹೇಳಿದರೆ ಯಾವ ಹುಡುಗ ತಾನೇ ದೊಡ್ಡ ಕನಸು ಕಂಡಾನು? ಗೆದ್ದವರೆಲ್ಲರೂ ಲೆಕ್ಕ ಮೀರಿದವರೇ ಅಲ್ಲವೇ?’ ಎಂದು ಕೆಲವರು ಕೇಳಬಹುದು. ಮಾತಿನಲ್ಲಿ ಹುರುಳಿದೆ. ಆದರೆ ನಿಜವನ್ನು ತಾಳಲಾರದ ಆಸೆಗೆ ಮೊದಲ ಸೋಲನ್ನು ತಾಳುವ ಶಕ್ತಿಯೂ ಇರುವುದಿಲ್ಲ. ನೂರರಲ್ಲಿ ಏಳು ಎಂದು ತಿಳಿದೂ ಓಡುವ ಹುಡುಗ ಧೈರ್ಯವಂತ. ನೂರಕ್ಕೆ ನೂರು ಎಂದು ನಂಬಿಸಲ್ಪಟ್ಟು ಓಡುವವನು ವಂಚಿತ. ಇಬ್ಬರ ಓಟವೂ ಒಂದೇ ರೀತಿ ಕಾಣಬಹುದು. ವ್ಯತ್ಯಾಸ ಗೊತ್ತಾಗುವುದು ಓಟ ನಿಂತ ದಿನ.

ನಮ್ಮ ಬಯಲುಸೀಮೆಯ ರೈತರು ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಹಾಕುತ್ತಾರೆ. ಅವರೆ, ತೊಗರಿ, ಹುಚ್ಚೆಳ್ಳು, ಹೀಗೆ. ರಾಗಿಯ ಮೇಲೆ ನಂಬಿಕೆಯಿಲ್ಲವೆಂದು ಅಲ್ಲ. ಮಳೆ ಕೈಕೊಟ್ಟರೂ ಮನೆಯವರು ಉಪವಾಸ ಬೀಳಬಾರದು ಎಂದು. ಮಗನನ್ನು ಮೈದಾನಕ್ಕೆ ಕಳುಹಿಸುವ ಡಿಯರ್‌ಬಾರ್ನ್‌ನ ತಂದೆಗೂ, ಮಗಳನ್ನು ವೈದ್ಯಕೀಯ ಸೀಟಿನ ಒಂದೇ ಪರೀಕ್ಷೆಗೆ ಸಿದ್ಧಗೊಳಿಸುವ ನಮ್ಮೂರಿನ ತಾಯಿಗೂ ಈ ರೈತನ ವಿವೇಕ ಸಾಕು. ಓದು ಅಕ್ಕಡಿ ಸಾಲಾಗಿ ಜೊತೆಗೇ ಬೆಳೆಯಲಿ. ಮೇಲಿನ ಶ್ರೇಣಿಯಲ್ಲಿ ಆಡಬೇಕಾದರೆ ಹೈಸ್ಕೂಲಿನಲ್ಲಿ 16 ಮುಖ್ಯ ಪಠ್ಯಗಳನ್ನು ನಿಗದಿತ ಅಂಕಗಳೊಡನೆ ಮುಗಿಸಿರಬೇಕೆಂದು ಎನ್‌ಸಿಎಎ ನಿಯಮವೇ ಇದೆ. ಅಂದರೆ ಆಟದ ದಾರಿಯೂ ಪುಸ್ತಕವನ್ನು ದಾಟಿಯೇ ಹೋಗಬೇಕು.

ಒಂಟೆಯನ್ನು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ ಮುಹಮ್ಮದ್(ಸ) ತಮ್ಮ ಅನುಯಾಯಿಯೊಬ್ಬರಿಗೆ ತಿಳಿಹೇಳಿದ್ದು ನಮಗೆಲ್ಲ ಗೊತ್ತು. ಹುಡುಗನ ಪಾಲಿಗೆ ಒಂಟೆಯನ್ನು ಕಟ್ಟಬೇಕಾದವರು ಹಿರಿಯರು. ಲೆಕ್ಕವನ್ನು ಮುಚ್ಚಿಡದೆ ಹೇಳುವುದು, ತಲೆಗೆ ಪೆಟ್ಟಾದ ದಿನ ಪಂದ್ಯ ಎಷ್ಟೇ ದೊಡ್ಡದಿರಲಿ ಅವನನ್ನು ಹೊರಗೆ ಕೂರಿಸುವುದು, ಅವನ ಅಂಕಪಟ್ಟಿಯನ್ನು ಗೋಲುಪಟ್ಟಿಯಷ್ಟೇ ಆಸಕ್ತಿಯಿಂದ ಕೇಳುವುದು, ಇವೆಲ್ಲ ಅವರ ಕೆಲಸ. ಇಷ್ಟು ಮಾಡಿದ ಮೇಲೆ ಅವನು ಓಡಲಿ, ಆಸೆಪಡಲಿ. ಯಾವ ಕಾಲೇಜಿನಿಂದಲೂ ಕರೆ ಬಾರದ ದಿನವೂ ಅವನು ಮನೆಗೆ ತಲೆಯೆತ್ತಿ ಬರುವಂತಿರಬೇಕು. ಅಂದು ಬಾಗಿಲು ತೆರೆಯುವ ತಂದೆತಾಯಿಯ ಮುಖದಲ್ಲಿ ನಿರಾಶೆಯ ನೆರಳು ಕಾಣದಿದ್ದರೆ, ಅವರು ತಮ್ಮ ಹೊಣೆಯನ್ನು ನಿರ್ವಹಿಸಿದ್ದಾರೆಂದು ನಾವು ತಿಳಿಯಬಹುದು.